ದೊಡ್ಡ ಗಾಡಿ, ದಿನದ ಗಾಡಿ

ಜೋಯಿಡಾದಿಂದ ಕಾರವಾರದ ಕಡೆ ಹೊರಟ ರಸ್ತೆ ಕುಂಬಾರವಾಡಕ್ಕೆ ಬಂದಾಗ ಒಂದು ಕವಲು ಉಳವಿಯತ್ತ ಹೊರಳುತ್ತದೆ, ಇನ್ನೊಂದು ಅಣಶಿ, ಕದ್ರಾ ದಾಟಿ ಕಡಲ ಕಡೆ ಇಳಿಯುತ್ತದೆ. ಮಳೆಗಾಲದ ಒಂದು ಶನಿವಾರ ಬೆಳಿಗ್ಗೆ ಅಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ಅರ್ಧ ಗಂಟೆಯೊಳಗೆ ಮೋಟಾರ್ ಸೈಕಲ್ಲಿನ ಮೂರು ಜಾತಿಗಳೂ ಕಣ್ಣಮುಂದೆ ಹಾದುಹೋದವು. ಮೊದಲು ಬೆಂಗಳೂರಿನ ನಂಬರಿನ, ದೂರ ಪ್ರವಾಸದ ಗಾಡಿಗಳಾದ ಆರೇಳು ಹಿಮಾಲಯನ್‌ಗಳು. ಎರಡೂ ಪಕ್ಕ ಪೆಟ್ಟಿಗೆ, ಮೊಣಕಾಲಿಗೆ ಗಾರ್ಡು, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ. ಆಮೇಲೆ ಯಾವುದೋ ಹಳ್ಳಿಗೆ ಸಮನ್ಸ್ ತಲುಪಿಸಲು ಹೊರಟಂತಿದ್ದ ಬೀಟ್ ಪೊಲೀಸರೊಬ್ಬರು. ಕೊನೆಗೆ ಇಲ್ಲಿನದೇ ಕೆಎ 65 ನಂಬರಿನ ಹಳೆಯ ಸ್ಪ್ಲೆಂಡರ್. ಮುಂದೆ ಗಂಡ, ಹಿಂದೆ ಹೆಂಡತಿ, ನಡುವೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಮಗು, ಪಕ್ಕದ ಕೊಕ್ಕೆಯಲ್ಲಿ ರೇಷನ್ ಅಕ್ಕಿಯ ಚೀಲ.

ಚಹಾದಂಗಡಿಯ ಹುಡುಗ ಹಿಮಾಲಯನ್‌ಗಳನ್ನು ನೋಡಿ, 'ಗಾಡಿ ಅಂದ್ರೆ ಅದು ನೋಡ್ರಿ' ಎಂದ. ಈ ಲೇಖನ ಅವನ ಮಾತಿಗೆ ನನ್ನ ತಡವಾದ ಉತ್ತರ.

ದೂರ ಪ್ರವಾಸದ ಗಾಡಿ ಮತ್ತು ಪೊಲೀಸ್ ಗಾಡಿ ನೋಡಲು ಅಣ್ಣತಮ್ಮಂದಿರ ಹಾಗಿವೆ. ಎರಡಕ್ಕೂ ಗಾತ್ರವಿದೆ, ಗಾಳಿ ತಡೆಯುವ ಗಾಜಿದೆ, ಪಕ್ಕದ ಪೆಟ್ಟಿಗೆಗಳಿವೆ. ಯುರೋಪು, ಅಮೆರಿಕಗಳಲ್ಲಂತೂ ಕಂಪನಿಗಳು ಟೂರಿಂಗ್ ಮಾದರಿಗೇ ಸೈರನ್ನು, ನೀಲಿ ದೀಪ ಸೇರಿಸಿ ಪೊಲೀಸರಿಗೆ ಮಾರುತ್ತವೆ. ಹಾಗಾಗಿ ಇವೆರಡು ಒಂದು ಮನೆಯವು, ಊರಿನ ನೂರು ಸಿಸಿ ಗಾಡಿ ಬೇರೆ ಮನೆಯ ಬಡವ ಎಂದು ಎಲ್ಲರೂ ನಂಬಿದ್ದಾರೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ನೋಟ ಬಿಟ್ಟು ಕೆಲಸ ನೋಡಿದರೆ ಪೊಲೀಸ್ ಗಾಡಿಯ ರಕ್ತಸಂಬಂಧಿ ಆ ಸ್ಪ್ಲೆಂಡರ್. ಟೂರಿಂಗ್ ಗಾಡಿ ಇಬ್ಬರ ಮನೆಗೂ ನೆಂಟ. ಚೆಂದದ ನೆಂಟ, ಆದರೆ ನೆಂಟನೇ.

ಟೂರಿಂಗ್ ಗಾಡಿಯ ಕೆಲಸ ಏನು? ಬೆಳಿಗ್ಗೆ ಹೊರಟು ಸಂಜೆವರೆಗೆ ಮುನ್ನೂರು ನಾನೂರು ಕಿಲೋಮೀಟರು ಓಡಿ, ಸವಾರನ ಸೊಂಟ, ಮಣಿಕಟ್ಟು ಉಳಿಸುವುದು. ವರ್ಷಕ್ಕೆ ಹತ್ತಿಪ್ಪತ್ತು ದಿನ ಅದು ಈ ಕೆಲಸ ಮಾಡುತ್ತದೆ, ಮಿಕ್ಕ ದಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕವರು ಹೊದ್ದು ಮಲಗುತ್ತದೆ. ಪೊಲೀಸ್ ಗಾಡಿಯ ಕೆಲಸ ಬೇರೆ. ಅದು ಓಡುವುದಕ್ಕಿಂತ ನಿಲ್ಲುವುದು ಹೆಚ್ಚು, ನಿಲ್ಲುವುದಕ್ಕಿಂತ ತೆವಳುವುದು ಹೆಚ್ಚು. ಜಾತ್ರೆಯ ಜನದ ನಡುವೆ, ಮೆರವಣಿಗೆಯ ಮುಂದೆ, ಸಂತೆಯ ಓಣಿಯಲ್ಲಿ ನಡಿಗೆಯ ವೇಗದಲ್ಲಿ ಗಂಟೆಗಟ್ಟಲೆ ಸಾಗಬೇಕು. ಇಂಜಿನ್ನು ಕಾಯಬಾರದು. ವೈರ್‌ಲೆಸ್ಸು, ದೀಪ ಉರಿಯುತ್ತಿರುವಾಗ ಬ್ಯಾಟರಿ ಇಳಿಯಬಾರದು. ಬಿಎಂಡಬ್ಲ್ಯುನ ಆರ್‌ಟಿ ಪೊಲೀಸ್ ಮಾದರಿಗೆ ಎರಡನೆಯ ಬ್ಯಾಟರಿ ಕೊಟ್ಟಿರುವುದು ಇದಕ್ಕೇ. ಪಾಳಿ ಬದಲಾದಾಗ ಒಬ್ಬ ಇಳಿದ ಸೀಟಿಗೆ ಇನ್ನೊಬ್ಬ ಹತ್ತುತ್ತಾನೆ. ಇದು ಒಬ್ಬನ ಮೆಚ್ಚಿನ ಗಾಡಿಯಲ್ಲ, ಠಾಣೆಯ ಗಾಡಿ.

ಸ್ಪ್ಲೆಂಡರಿನ ದಿನ ನೋಡಿ. ಬೆಳಿಗ್ಗೆ ಅಪ್ಪ ಹಾಲು ಕೊಡಲು ಒಯ್ಯುತ್ತಾನೆ. ಒಂಬತ್ತಕ್ಕೆ ಮಗಳು ಕಾಲೇಜಿಗೆ ಹೋಗುವ ಬಸ್ಸಿನವರೆಗೆ. ಮಧ್ಯಾಹ್ನ ತಮ್ಮ ಗೊಬ್ಬರಕ್ಕೆ. ರಾತ್ರಿ ಪಕ್ಕದ ಮನೆಯ ಅಜ್ಜಿಗೆ ಎದೆನೋವು ಬಂದರೆ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ. ಇದೂ ಪಾಳಿಯ ಗಾಡಿಯೇ. ಜೋಯಿಡಾ ವಿಸ್ತಾರದಲ್ಲಿ ಉತ್ತರ ಕನ್ನಡದ ದೊಡ್ಡ ತಾಲ್ಲೂಕು, ಜನ ಮಾತ್ರ ಐವತ್ತು ಸಾವಿರದ ಆಸುಪಾಸು. ಕಾಡಿನ ನಡುವೆ ಹತ್ತಿಪ್ಪತ್ತು ಮನೆಗಳ ಮಜರೆಗಳು ಚದುರಿಕೊಂಡಿವೆ. ಇಂಥ ಕಡೆ ಆಂಬುಲೆನ್ಸು, ಸರಕಿನ ಟೆಂಪೊ, ಶಾಲೆಯ ವ್ಯಾನು, ಅಂಚೆ ಎಲ್ಲವನ್ನೂ ಆ ಒಂದು ನೂರು ಸಿಸಿ ಗಾಡಿ ಹೊರುತ್ತದೆ.

ಪೊಲೀಸ್ ಗಾಡಿ, ದಿನದ ಗಾಡಿಗಳ ಈ ರಕ್ತಸಂಬಂಧಕ್ಕೆ ಚರಿತ್ರೆಯಲ್ಲೂ ಸಾಕ್ಷಿಯಿದೆ. ಇವತ್ತು ಲಡಾಖ್ ಯಾತ್ರೆಯ ಲಾಂಛನವಾಗಿರುವ ಬುಲೆಟ್ಟು ಈ ದೇಶದಲ್ಲಿ ಬೇರೂರಿದ್ದು ಪ್ರವಾಸಕ್ಕಲ್ಲ. 1950ರ ದಶಕದ ನಡುವೆ ಭಾರತ ಸರ್ಕಾರ ಗಡಿ ಗಸ್ತಿಗೆಂದು 350 ಸಿಸಿಯ 800 ಬುಲೆಟ್ಟುಗಳಿಗೆ ಬೇಡಿಕೆ ಕೊಟ್ಟಿತು. ಅದನ್ನು ನೆಚ್ಚಿ 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಕಾರ್ಖಾನೆ ಎದ್ದಿತು. ಅದರ ಸಿಲಿಂಡರಿನ ಅಗಲ 70 ಮಿಲಿಮೀಟರು, ಪಿಸ್ಟನ್ನು ಓಡಾಡುವ ಉದ್ದ 90. ಅಗಲಕ್ಕಿಂತ ಓಟ ಉದ್ದವಿದ್ದು ಜೊತೆಗೆ ಒಳಗೆ ಭಾರದ ಫ್ಲೈವೀಲೂ ಇದ್ದ ಇಂಜಿನ್ನು ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ, ಎತ್ತಿನ ಹಾಗೆ. ಗಸ್ತಿಗೆ ಬೇಕಾದದ್ದು ಅದು. ಓಟದ ಕುದುರೆ ಬೇಕಿರಲಿಲ್ಲ. ಆ ನಿಧಾನದ ಡಬ್ ಡಬ್ ಸದ್ದು ಕೆಲಸದ ಸದ್ದಾಗಿತ್ತು, ಆಮೇಲೆ ಶೋಕಿಯ ಸದ್ದಾಯಿತು. (ಈಗ ಸೈಲೆನ್ಸರ್ ಬದಲಿಸಿ ಆ ಸದ್ದನ್ನು ಮೂರು ಪಟ್ಟು ಮಾಡಿಕೊಂಡವರು ಈ ಭಾಗದ ಹುಲಿ ಮೀಸಲಿನ ನಡುವೆ ಹಾಯುವಾಗ ಮಂಗಟ್ಟೆ ಹಕ್ಕಿ ಹುಡುಕಲು ಬಂದವರಿಗೆ ಹಕ್ಕಿ ಬಿಟ್ಟು ಬೇರೆಲ್ಲ ಕೇಳಿಸುತ್ತದೆ. ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದಾರೆ. ನನಗೇನೂ ಬೇಸರವಾಗಲಿಲ್ಲ.)

ಇದೇ ಸಾಲಿನಲ್ಲಿ ನಮ್ಮ ಮೈಸೂರನ್ನೂ ನೆನೆಯಬೇಕು. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಮುಂದೆ ಯಜ್ಡಿ ಎಂಬ ಹೆಸರಿನಲ್ಲಿ 1996ರವರೆಗೆ ಹೊಲ, ಹಳ್ಳಿ, ಕಾಡು ಎಲ್ಲೆಡೆ ದುಡಿಯಿತು. ಈಗ ಅದರ ಹೆಸರೂ ಟೂರಿಂಗ್ ಗಾಡಿಗಳ ಟ್ಯಾಂಕಿನ ಮೇಲಿದೆ.

ಅಮೆರಿಕದ ಒಂದು ಉದಾಹರಣೆ ನನಗೆ ಬಹಳ ಹಿಡಿಸುತ್ತದೆ. ಕವಾಸಾಕಿ ಕಂಪನಿ ಅಲ್ಲಿನ ಪೊಲೀಸರಿಗೆಂದು 1982ರಲ್ಲಿ ಸಾವಿರ ಸಿಸಿಯ ಒಂದು ಗಾಡಿ ತಂದಿತು. 2005ರವರೆಗೆ, ಅಂದರೆ ಇಪ್ಪತ್ತಮೂರು ವರ್ಷ, ಹೆಚ್ಚುಕಡಿಮೆ ಅದನ್ನೇ ಮಾಡುತ್ತ ಬಂತು. ಆ ಅವಧಿಯಲ್ಲಿ ಶೋಕಿಯ ಗಾಡಿಗಳ ಎಷ್ಟೋ ತಲೆಮಾರು ಬಂದು ಹೋದವು. ಪೊಲೀಸರು ಮಾತ್ರ ಹಳೆಯದನ್ನೇ ಕೇಳಿದರು. ಕಾರಣ ಸರಳ: ಬಿಡಿಭಾಗ ಕಪಾಟಿನಲ್ಲಿ ಇತ್ತು, ಮೆಕ್ಯಾನಿಕ್ಕಿನ ಕೈಗೆ ಅದರ ಪ್ರತಿ ನಟ್ಟು ಗೊತ್ತಿತ್ತು, ಸವಾರನ ಮೈಗೆ ಅದರ ತೂಕ ಗೊತ್ತಿತ್ತು. ನಮ್ಮ ಸ್ಪ್ಲೆಂಡರಿನ ಕಥೆ ಇದಕ್ಕಿಂತ ಬೇರೆಯೇ? 1994ರಲ್ಲಿ ಬಂದ ಗಾಡಿ, ಇವತ್ತಿಗೂ ಅದೇ 97.2 ಸಿಸಿ. ದಾಂಡೇಲಿ, ಹಳಿಯಾಳದ ಯಾವ ಗ್ಯಾರೇಜಿಗೆ ಹೋದರೂ ಅದರ ಕ್ಲಚ್ ಕೇಬಲ್ಲು ಗೋಡೆಗೆ ನೇತಾಡುತ್ತಿರುತ್ತದೆ. ಇಂಜಿನ್ನಿನ ಎಚ್ಚರಿಕೆ ದೀಪ ಹತ್ತಿಕೊಂಡ ಟೂರಿಂಗ್ ಗಾಡಿಯ ಎದುರು ಅದೇ ಮೆಕ್ಯಾನಿಕ್ಕು ಕೈಕಟ್ಟಿ ನಿಂತು, 'ಹುಬ್ಬಳ್ಳಿಗೆ ಒಯ್ಯಬೇಕ್ರಿ' ಎನ್ನುತ್ತಾನೆ. ಅವನಿಗೆ ಕೆಲಸ ಬರುವುದಿಲ್ಲವೆಂದಲ್ಲ, ಅದರ ಕಂಪ್ಯೂಟರು ಅವನ ಭಾಷೆ ಮಾತಾಡುವುದಿಲ್ಲ.

ಈಗ ತೂಕದ ಮಾತು. ಹಿಮಾಲಯನ್ ಇನ್ನೂರು ಕಿಲೋ ಹತ್ತಿರ. ಸ್ಪ್ಲೆಂಡರ್ 112. ಊರಿನ ಇನ್ನೊಂದು ದುಡಿಮೆಯ ಗಾಡಿ ಟಿವಿಎಸ್ ಎಕ್ಸ್ಎಲ್ ತೊಂಬತ್ತರೊಳಗೆ. ಒಣ ಹೆದ್ದಾರಿಯಲ್ಲಿ ಆ ಇನ್ನೂರು ಕಿಲೋ ಗಾಳಿಗೆ ಅಲುಗದ ಆಸರೆ. ಉಳವಿ ದಾರಿಯ ಒಳಮಜರೆಗೆ ತಿರುಗುವ ಕೆಮ್ಮಣ್ಣಿನ ಇಳಿಜಾರಿನಲ್ಲಿ, ಪಾಚಿ ಹಿಡಿದ ಕಲ್ಲಿನ ಮೇಲೆ ಅದೇ ತೂಕ ಶತ್ರು. ಗಾಡಿ ಬಿದ್ದರೆ ಎತ್ತಬೇಕಲ್ಲ! ಪ್ರವಾಸಿಗೆ ಜೊತೆಗೆ ಐದು ಜನರಿದ್ದಾರೆ. ಕುಣಬಿ ರೈತನಿಗೆ ಅಲ್ಲಿ ಇರುವುದು ಉಂಬಳಗಳು ಮಾತ್ರ.

ಭಾರ ಎಷ್ಟು ಎಂಬುದಕ್ಕಿಂತ ಭಾರ ಎಲ್ಲಿದೆ ಎಂಬುದು ಮುಖ್ಯ. ಇದಕ್ಕೊಂದು ಕಹಿ ಪಾಠ ಇಂಗ್ಲೆಂಡಿನಲ್ಲಿದೆ. ಹೋಂಡಾದ ಎಸ್‌ಟಿ 1300 ಹೆಸರಾದ ಟೂರಿಂಗ್ ಗಾಡಿ. ಅದಕ್ಕೆ ಪೊಲೀಸ್ ಸಲಕರಣೆ ತುಂಬಿ ಹೆಚ್ಚು ವೇಗದಲ್ಲಿ ಓಡಿಸಿದಾಗ ಗಾಡಿ ಹಾವಿನಂತೆ ಹೊಯ್ದಾಡತೊಡಗಿತು ಎಂಬ ದೂರುಗಳು ಬಂದವು, ಒಬ್ಬ ಪೊಲೀಸ್ ಸವಾರ ಪ್ರಾಣ ಕಳೆದುಕೊಂಡ ಮೇಲೆ 2007ರಲ್ಲಿ ಅಲ್ಲಿನ ಹಲವು ಪೊಲೀಸ್ ಪಡೆಗಳು ಆ ಗಾಡಿಯನ್ನು ಹಿಂತೆಗೆದುಕೊಂಡವು. ಟೂರಿಂಗ್ ಗಾಡಿಗೆ ಖಾಕಿ ತೊಡಿಸಿದರೆ ಪೊಲೀಸ್ ಗಾಡಿಯಾಗುವುದಿಲ್ಲ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಹಿಂದಿನ ಗಾಲಿಯ ಅಚ್ಚಿಗಿಂತ ಹಿಂದಕ್ಕೆ, ಮೇಲಕ್ಕೆ ಭಾರ ಹೋದಷ್ಟೂ ಮುಂದಿನ ಗಾಲಿ ಹಗುರಾಗುತ್ತದೆ, ಹ್ಯಾಂಡಲ್ಲು ಮಾತು ಕೇಳುವುದಿಲ್ಲ. ನಮ್ಮ ಗೌಳಿಗರ ಹಾಲಿನ ಕ್ಯಾನು ಕಟ್ಟುವ ಕ್ರಮ ಗಮನಿಸಿ: ಎರಡೂ ಪಕ್ಕ, ಕೆಳಗೆ, ಸಮತೂಕ. ಯಾವ ಕಂಪನಿಯ ಎಂಜಿನಿಯರೂ ಅವರಿಗೆ ಹೇಳಿಕೊಟ್ಟಿಲ್ಲ. ಎಕ್ಸ್ಎಲ್ ಗಾಡಿಯ ಚಪ್ಪಟೆ ಕಾಲುಹಲಗೆ ಇನ್ನೂ ಒಂದು ಹೆಜ್ಜೆ ಮುಂದೆ. ತುಂಬಿದ ಗ್ಯಾಸ್ ಸಿಲಿಂಡರು, ಅಂದರೆ ಒಳಗಿನ 14.2 ಕಿಲೋ ಅನಿಲಕ್ಕೆ ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ ಸೇರಿ ಮೂವತ್ತು ಕಿಲೋ, ಸವಾರನ ಎರಡು ಕಾಲುಗಳ ನಡುವೆ, ನೆಲಕ್ಕೆ ಹತ್ತಿರ, ಎರಡು ಗಾಲಿಗಳ ಮಧ್ಯೆ ಕೂರುತ್ತದೆ. ಮೋಟಾರ್ ಸೈಕಲ್ಲಿನ ಮೇಲೆ ಭಾರ ಇಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಪ್ಪತ್ತು ಮೂವತ್ತು ಸಾವಿರ ಕೊಟ್ಟು ಅಲ್ಯುಮಿನಿಯಂ ಪೆಟ್ಟಿಗೆಗಳನ್ನು ಹಿಂದಿನ ಗಾಲಿಯ ಆಚೀಚೆ ನೇತುಹಾಕಿಕೊಂಡವರು, ಇದನ್ನು 'ಮೊಪೆಡ್ಡು' ಎಂದು ನಗುವವರು, ಒಮ್ಮೆ ನಿಂತು ನೋಡಬೇಕು.

ಇಷ್ಟು ಹೇಳಿ ಸ್ಪ್ಲೆಂಡರಿಗೆ ಆರತಿ ಎತ್ತಿ ಮುಗಿಸಿದರೆ ಅದು ವಾದವಲ್ಲ, ವಶೀಲಿ. ದೊಡ್ಡ ಗಾಡಿಯ ಬಳಿ ಇರುವ ಕೆಲವು ಗುಣಗಳು ನಮ್ಮ ದಿನದ ಗಾಡಿಗೆ ಇಲ್ಲ, ಇರಬೇಕಿತ್ತು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಗಾಡಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಅದರೊಳಗಿನವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ವ್ಯವಸ್ಥೆ ಇದ್ದರೆ ಸಾಕೆಂದರು. ಅಂದರೆ ಅಣಶಿ ಘಟ್ಟದ ಒದ್ದೆ ತಿರುವಿನಲ್ಲಿ ಗಾಲಿ ಕಚ್ಚಿಕೊಂಡು ಜಾರದಂತೆ ಕಾಯುವ ಯಂತ್ರ ವರ್ಷಕ್ಕೊಮ್ಮೆ ಬರುವವನಿಗೆ ಇದೆ, ದಿನಾ ಇಳಿಯುವವನಿಗೆ ಇಲ್ಲ. ದೀಪವೂ ಹಾಗೇ. ಜುಲೈ ತಿಂಗಳ ಮಂಜಿನಲ್ಲಿ ನೂರು ಸಿಸಿಯ ದೀಪ ಚಿಮಣಿ ಬುಡ್ಡಿಗಿಂತ ಸ್ವಲ್ಪ ಮೇಲು. ರಸ್ತೆಗೆ ಅಡ್ಡ ನಿಂತ ಕಾಡುಕೋಣ ಕಾಣಬೇಕಾದ ದೂರ ಎಷ್ಟು ಎಂದು ಲೆಕ್ಕ ಹಾಕಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ 17 ಮೀಟರು ಸಾಗುತ್ತೇವೆ. ಕಂಡು ಬ್ರೇಕು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಹೋಯಿತು. ಒಣ ಡಾಂಬರಿನಲ್ಲಿ, ಒಳ್ಳೆಯ ಬ್ರೇಕಿದ್ದರೂ, ಗಾಡಿ ನಿಲ್ಲಲು ಇನ್ನೂ ಇಪ್ಪತ್ತಕ್ಕೂ ಹೆಚ್ಚು ಮೀಟರು ಬೇಕು. ಒಟ್ಟು 40. ವೇಗ 40ಕ್ಕೆ ಇಳಿಸಿದರೆ ಅದು ಸರಿಸುಮಾರು ಅರ್ಧವಾಗುತ್ತದೆ. ಮಳೆಯಲ್ಲಿ ಎರಡೂ ಲೆಕ್ಕ ಉದ್ದವಾಗುತ್ತವೆ, ದೀಪದ ಬೆಳಕು ಮಾತ್ರ ಉದ್ದವಾಗುವುದಿಲ್ಲ.

ಹಾಗಾದರೆ ಊರವರೂ ಹಿಮಾಲಯನ್ ಕೊಳ್ಳಬೇಕೇ? ಕೆಲವು ಹುಡುಗರು ಸಾಲ ಮಾಡಿ ಕೊಳ್ಳುತ್ತಿದ್ದಾರೆ. ಅದು ಅವರ ಇಷ್ಟ, ಹಂಗಿಸುವ ಹಕ್ಕು ನನಗಿಲ್ಲ. ದೊಡ್ಡ ಗಾಡಿ ಹುಡುಗನೊಬ್ಬನಿಗೆ ಕೊಡುವ ಘನತೆಯ ಲೆಕ್ಕ ಮೈಲೇಜಿನಲ್ಲಿ ಸಿಗುವುದಿಲ್ಲ. ಆದರೆ ನಾವು ದೊಡ್ಡ ಗಾಡಿಗಳಿಂದ ಕಲಿಯಬೇಕಾದದ್ದನ್ನು ಬಿಟ್ಟು ತಪ್ಪನ್ನು ಕಲಿಯುತ್ತಿದ್ದೇವೆ ಎಂಬುದೇ ನನ್ನ ತಕರಾರು. ಟೂರಿಂಗ್ ಸವಾರನಿಂದ ತೆಗೆದುಕೊಳ್ಳಬೇಕಾದದ್ದು ಅವನ ಗಾಡಿಯಲ್ಲ, ಅವನ ತಯಾರಿ. ಹೊರಡುವ ಮುನ್ನ ಅವನು ಟಯರಿನ ಗಾಳಿ ನೋಡುತ್ತಾನೆ, ಚೈನಿಗೆ ಎಣ್ಣೆ ಹಾಕುತ್ತಾನೆ, ಪಂಕ್ಚರ್ ಕಿಟ್ ಇಟ್ಟುಕೊಳ್ಳುತ್ತಾನೆ, ಗದ್ದ ಮುಚ್ಚುವ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯುತ್ತಾನೆ. ನಮ್ಮವರು ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲಿಟ್ಟು, ಪೊಲೀಸರು ಕಂಡಾಗ ತಲೆಗೇರಿಸುತ್ತಾರೆ. ಹಿಂಬದಿ ಸವಾರರಿಗೂ ಹೆಲ್ಮೆಟ್ಟು ಬೇಕೆಂಬ ನಿಯಮ ಕರ್ನಾಟಕದಲ್ಲಿ 2016ರ ಜನವರಿಯಿಂದಲೇ ಜಾರಿಯಲ್ಲಿದೆ. ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50,000 ದಾಟಿದ್ದರು. 'ಇಲ್ಲೇ ಹೋಗಿ ಬರ್ತೀನಿ, ಯಾಕೆ ಬೇಕು' ಎಂಬ ಮಾತು ಎಷ್ಟು ಮನೆಗಳ ಕೊನೆಯ ಮಾತಾಗಿದೆಯೋ.

ಪೊಲೀಸರಿಂದ ಕಲಿಯಬೇಕಾದದ್ದು ಇನ್ನೂ ದೊಡ್ಡದು: ನಿಧಾನ. ಜಪಾನಿನಲ್ಲಿ ಶಿರೊಬಾಯ್, ಅಂದರೆ ಬಿಳಿ ಗಾಡಿ, ಎಂದು ಕರೆಯುವ ಟ್ರಾಫಿಕ್ ಪೊಲೀಸ್ ಸವಾರರಿದ್ದಾರೆ. ನೆಟ್ಟ ಕೋನುಗಳ ನಡುವೆ ಇಕ್ಕಟ್ಟಿನ ತಿರುವುಗಳನ್ನು ಕಾಲೂರದೆ ದಾಟುವುದು ಅವರ ಅಭ್ಯಾಸದ ಮುಖ್ಯ ಭಾಗ. ಅವರ ನಡುವೆ ರಾಷ್ಟ್ರಮಟ್ಟದ ಸ್ಪರ್ಧೆಯೂ ನಡೆಯುತ್ತದೆ. ಇಡೀ ವಿದ್ಯೆ ಮೂರು ಮಾತಿನದು: ಹಾಫ್ ಕ್ಲಚ್ಚಿನಲ್ಲಿ ಗಾಡಿ ಹಿಡಿದಿಡು, ಹಿಂದಿನ ಬ್ರೇಕು ಹಗುರಾಗಿ ಒತ್ತಿರು, ಹೋಗಬೇಕಾದ ಕಡೆ ಮುಖ ತಿರುಗಿಸು. ವೇಗದಲ್ಲಿರುವಾಗ ಗಾಡಿ ತನ್ನಷ್ಟಕ್ಕೆ ತಾನು ನೆಟ್ಟಗಿರುತ್ತದೆ. ನಡಿಗೆಯ ವೇಗದಲ್ಲಿ ಆ ಸಹಾಯ ಇಲ್ಲ, ನೆಟ್ಟಗಿಡುವವನು ಸವಾರನೇ. ಕೆಸರಿನ ಹೊಂಡ, ದನದ ಹಿಂಡು, ತುಂಬಿದ ಬಸ್ಸು ಎದುರಾದ ಒಂಟಿ ರಸ್ತೆ, ಹೊಳೆಯ ಸಂಕದ ಅಂಚು, ಹೀಗೆ ಊರಿನ ಸವಾರ ಬೀಳುವ ಜಾಗಗಳೆಲ್ಲ ನಿಧಾನದ ಜಾಗಗಳು. ಮುಂದಿನ ಬ್ರೇಕು ಗಬಕ್ಕನೆ ಹಿಡಿದು, ನೆಲ ನೋಡುತ್ತ, ಕಾಲು ಚಾಚಿ ಬೀಳುತ್ತೇವೆ. ನಾನೂ ಹಾಗೇ ಬಿದ್ದಿದ್ದೇನೆ, ಒಮ್ಮೆ ಅಲ್ಲ.

ಘಟ್ಟ ಇಳಿಯುವ ವಿಷಯದಲ್ಲಂತೂ ನಮ್ಮ ಒಂದು ಕೆಟ್ಟ ಚಾಳಿ ಹೇಳದೆ ಇರಲಾರೆ. ಪೆಟ್ರೋಲು ಉಳಿಸಲು ನ್ಯೂಟ್ರಲ್ಲಿಗೆ ಹಾಕಿ, ಇಂಜಿನ್ ಬಂದ್ ಮಾಡಿ ಇಳಿಜಾರಿನಲ್ಲಿ ಗಾಡಿ ಬಿಡುವುದು. ಉಳಿಯುವುದು ಹೆಚ್ಚೆಂದರೆ ಒಂದು ಚಹಾದ ದುಡ್ಡು. ಇಡೀ ಭಾರ ಡ್ರಮ್ ಬ್ರೇಕಿನ ಮೇಲೆ ಬೀಳುತ್ತದೆ, ಅದು ಕಾಯುತ್ತದೆ, ಕಾದ ಮೇಲೆ ಹಿಡಿಯುವುದಿಲ್ಲ. ಎರಡನೇ ಗೇರಿನಲ್ಲಿ ಬಿಟ್ಟರೆ ಇಂಜಿನ್ನೇ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ. ಗಸ್ತಿನ ಸವಾರನಿಗೆ ಇದನ್ನು ಮೈದಾನದಲ್ಲಿ ಕಲಿಸುತ್ತಾರೆ. ನಮ್ಮ ಹುಡುಗ ಇದನ್ನು ಕಲಿಯಬೇಕಾದದ್ದು ಯಾರಿಂದ? ಅಪ್ಪನ ಗಾಡಿಯ ಕೀ ಕದ್ದು, ಗದ್ದೆಯ ಬದುವಿನಲ್ಲಿ ಓಡಿಸಿ ಕಲಿತ. ಆಮೇಲೆ ಒಂದು ದಿನ ದಾಂಡೇಲಿಗೆ ಹೋಗಿ, ನೆಲದ ಮೇಲಿನ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ಲೈಸೆನ್ಸು ತಂದ. ದೇಶದಲ್ಲಿ ಅತಿ ಕಷ್ಟದ ರಸ್ತೆಯಲ್ಲಿ, ಅತಿ ಹೆಚ್ಚು ಭಾರ ಹೊತ್ತು, ಅತಿ ಹೆಚ್ಚು ದಿನ ಗಾಡಿ ಓಡಿಸುವವನಿಗೆ ಸಿಕ್ಕ ತರಬೇತಿ ಅಷ್ಟೇ. ವಾರಗಟ್ಟಲೆ ತರಬೇತಿ ಪಡೆದ ಪೊಲೀಸಿನವನೂ, ದುಡ್ಡು ಕೊಟ್ಟು ವಾರಾಂತ್ಯದ ರೈಡಿಂಗ್ ಶಾಲೆಗೆ ಹೋದ ಪ್ರವಾಸಿಯೂ ಇವನಿಗಿಂತ ಸುಲಭದ ಕೆಲಸ ಮಾಡುತ್ತಿದ್ದಾರೆ.

ಎಬಿಎಸ್ ಯಾವಾಗ ನೂರು ಸಿಸಿಗೆ ಇಳಿದು ಬರುತ್ತದೋ ಅದು ದೆಹಲಿಯ ವಿಷಯ. ಬೆಲೆ ಏರುತ್ತದೆ ಎಂದು ಕಂಪನಿಗಳು ಹೇಳುತ್ತಲೇ ಇರುತ್ತವೆ. ಕಲಿಸುವುದು ಮಾತ್ರ ನಮ್ಮ ಕೈಯಲ್ಲಿದೆ, ಮತ್ತು ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ನಮ್ಮ ಊರುಗಳ ಗಣೇಶೋತ್ಸವದಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ನಿಧಾನ ಸೈಕಲ್ ಸ್ಪರ್ಧೆ ಎಂದೊಂದು ಇದೆ. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವನು ಗೆದ್ದ. ಜಪಾನಿನ ಬಿಳಿ ಗಾಡಿಯವರು ಕಲಿಯುವುದೂ ಇದನ್ನೇ, ದೊಡ್ಡ ಗಾಡಿಯ ಮೇಲೆ. ಗಣರಾಜ್ಯೋತ್ಸವದಲ್ಲಿ ಬುಲೆಟ್ಟಿನ ಮೇಲೆ ಗೋಪುರ ಕಟ್ಟುವ ಯೋಧರಿಗೆ ನಾವು ಚಪ್ಪಾಳೆ ತಟ್ಟುತ್ತೇವೆ, ತಟ್ಟೋಣ. ಆದರೆ ಕುಂಬಾರವಾಡ, ಜೋಯಿಡಾ, ಹಳಿಯಾಳ, ಮುಂಡಗೋಡದ ಯುವಕ ಮಂಡಳಿಗಳವರಲ್ಲಿ, ಠಾಣೆಯ ಸಾಹೇಬರಲ್ಲಿ ನನ್ನದೊಂದು ಬೇಡಿಕೆ: ಬರುವ ಚೌತಿಗೆ ಸೈಕಲ್ಲಿನ ಜೊತೆಗೆ ನಿಧಾನ ಮೋಟಾರ್ ಸೈಕಲ್ ಸ್ಪರ್ಧೆಯನ್ನೂ ಇಡಿ. ಗಾಡಿ ಯಾವುದಾದರೂ ಸರಿ, ಹಿಮಾಲಯನ್ನೂ ಬರಲಿ, ಎಕ್ಸ್ಎಲ್ಲೂ ಬರಲಿ. ಹೆಲ್ಮೆಟ್ ಇಲ್ಲದವರಿಗೆ ಪ್ರವೇಶ ಬೇಡ. ಹಿಂದೆ ಕಟ್ಟಿದ ಅಕ್ಕಿಚೀಲ ಎಲ್ಲರಿಗೂ ಸಮ ಇರಲಿ. ತೀರ್ಪು ಹೇಳಲು ಗಾಡಿ ಬಲ್ಲ ಪೊಲೀಸರೊಬ್ಬರು ನಿಲ್ಲಲಿ, ಗೆದ್ದವನಿಗೆ ಗದ್ದ ಮುಚ್ಚುವ ಒಂದು ಐಎಸ್‌ಐ ಹೆಲ್ಮೆಟ್ ಕೊಡಿ. ಚಹಾದಂಗಡಿಯ ಆ ಹುಡುಗನನ್ನೂ ಕರೆಯಿರಿ.